ದಾಕ್ಷಾಯಿಣಿ ಕೊಟ್ಟ ಹೇಳಿಕೆ

ನಮ್ಮೂರಿನ ಸಂತೆಮಾಳದಲ್ಲಿ ನಿಂತು ಆಡಿದ ಮಾತು ಅಲ್ಲೇ ಉಳಿಯುತ್ತಿತ್ತು. ಆಡಿದವರು ಎದ್ದು ಹೋದರೂ, ಸತ್ತೇ ಹೋದರೂ, ಆ ಜಾಗಕ್ಕೆ ಹೋಗಿ ನಿಂತವರ ಕಿವಿಗೆ ಅದು ಬೀಳುತ್ತಿತ್ತು. ಹೊರಗಿನಿಂದ ವ್ಯಾಪಾರಕ್ಕೆ ಬಂದವರು ಮೊದಲ ವಾರ ಬೆಚ್ಚಿಬೀಳುತ್ತಿದ್ದರು. ಎರಡನೆಯ ವಾರ ಒಳ್ಳೆಯ ಮಾತಿರುವ ಕಡೆ ನೋಡಿಕೊಂಡು ಗೋಣಿತಾಟು ಹಾಸುತ್ತಿದ್ದರು. ಹಿಟ್ಟಿನ ಗಿರಣಿಯ ಪುಟ್ಟಮಾದಯ್ಯ ತನ್ನ ಒಡಹುಟ್ಟಿದವನಿಗೆ ಶಾಪ ಹಾಕಿದ ಜಾಗದಲ್ಲಿ ಮೂವತ್ತು ವರ್ಷದಿಂದ ಯಾರೂ ಅಂಗಡಿ ಇಟ್ಟಿರಲಿಲ್ಲ. ಹೆಣ್ಣು ನೋಡಲು ಬಂದವರ ಒಪ್ಪಿಗೆಯ ಮಾತನ್ನು ಮಾಳದಲ್ಲಿ ನಿಲ್ಲಿಸಿಯೇ ಆಡಿಸುವುದು ನಮ್ಮ ರೂಢಿಯಾಗಿತ್ತು. ಜಗಳ ಆಡಬೇಕೆನಿಸಿದರೆ ಸೇತುವೆ ದಾಟಿ ಹೋಗಿ ಆಡಿ, ಮುಗಿಸಿಕೊಂಡು ಬರುತ್ತಿದ್ದೆವು.

ನಾನು ಇಲ್ಲಿನ ಪಟ್ಟಣ ಪಂಚಾಯಿತಿಯಲ್ಲಿ ಗುಮಾಸ್ತ. ಸಭೆಗಳ ನಡಾವಳಿ ಬರೆಯುವುದು ನನ್ನ ಕೆಲಸ. ದಾಕ್ಷಾಯಿಣಿ ಅದೇ ಪಂಚಾಯಿತಿಯ ನೀರುಗಂಟಿ. ಯಾವ ಬೀದಿಗೆ ಯಾವ ದಿನ ಎಷ್ಟು ಹೊತ್ತು ನೀರು ಎಂಬುದು ಅವಳ ಕೈಯಲ್ಲಿತ್ತು. ಮೊದಲು ಆ ಕೆಲಸ ಅವಳ ಗಂಡ ಗುರುಸಿದ್ದನದು. ಒಂಬತ್ತು ವರ್ಷದ ಹಿಂದೆ ಪಂಪ್‌ಹೌಸಿನ ಸ್ಟಾರ್ಟರ್ ಪೆಟ್ಟಿಗೆಗೆ ಕೈಹಾಕಿದವನು ಅಲ್ಲೇ ಸತ್ತ. ಅನುಕಂಪದ ಮೇಲೆ ಕೆಲಸ ಅವಳಿಗೆ ಬಂತು. ಗಂಡನ ಮಾರುದ್ದದ ಕಬ್ಬಿಣದ ಕೀಲಿಯನ್ನು ಹೆಗಲ ಮೇಲಿಟ್ಟುಕೊಂಡು, ಸೊಂಟಕ್ಕೆ ಒಂದು ನೋಟುಬುಕ್ಕು ಸಿಕ್ಕಿಸಿಕೊಂಡು ಬೀದಿಬೀದಿ ತಿರುಗುತ್ತಿದ್ದಳು. ಯಾವ ವಾಲ್ವು ಎಷ್ಟಕ್ಕೆ ಬಿಟ್ಟೆ, ಎಷ್ಟಕ್ಕೆ ಕಟ್ಟಿದೆ ಎಂದು ಅದರಲ್ಲಿ ಬರೆದಿಡುತ್ತಿದ್ದಳು. ಬರೆಯಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಬೆಳಗಿನ ಸುತ್ತು ಮುಗಿದ ಮೇಲೆ ಅವಳು ದಿನಾ ಮಾಳದ ಬಡಗಣ ಮೂಲೆಗೆ ಹೋಗಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು. ಅಲ್ಲಿ ಗುರುಸಿದ್ದನ ಒಂದು ಮಾತಿತ್ತು. ಅವನು ಮಾತು ಕಡಿಮೆಯ ಮನುಷ್ಯ. ಇಡೀ ಮಾಳದಲ್ಲಿ ಅವನದೆಂದು ಉಳಿದದ್ದು ಅದೊಂದೇ. ಹನ್ನೊಂದು ವರ್ಷದ ಹಿಂದೆ, ಚುನಾವಣೆಯ ಭಾಷಣ ಕೇಳಲು ಗಂಡ ಹೆಂಡತಿ ಹೋಗಿದ್ದಾಗ, ಬಿಸಿಲಲ್ಲಿ ನಿಂತಿದ್ದ ಅವಳನ್ನು ನೋಡಿ, "ದಾಕ್ಷೀ, ಈ ಕಡೆ ಬಾ, ನೆರಳೈತೆ" ಎಂದಿದ್ದ. ಅಷ್ಟೆ. ಅದನ್ನು ಕೇಳಿಸಿಕೊಂಡು ಅವಳು ಮನೆಗೆ ಹೋಗಿ ಒಲೆ ಹಚ್ಚುತ್ತಿದ್ದಳು.

ಆ ದಿನ ಭಾಷಣ ಮಾಡಿದವರು ಪರಶಿವಯ್ಯನವರು. ಆಗ ಅವರು ವಿರೋಧ ಪಕ್ಷದಲ್ಲಿದ್ದರು. ಹೊಳೆಯ ಆಚೆ ದಡದಲ್ಲಿ ಯಾವುದೋ ಕಂಪನಿ ಬರುತ್ತದೆಂಬ ಗುಲ್ಲು ಆಗಲೇ ಎದ್ದಿತ್ತು. "ಈ ಹೊಳೆಯ ಒಂದು ತಂಬಿಗೆ ನೀರೂ ಯಾವ ಕಂಪನಿಯ ಪಾಲಾಗಲು ಬಿಡುವುದಿಲ್ಲ. ಬಿಟ್ಟರೆ ನನ್ನ ಹೆಸರು ಹಿಡಿದು ಉಗಿಯಿರಿ" ಎಂದು ಮೈಕಿನಲ್ಲಿ ಕೂಗಿದ್ದರು. ಮೈಕಿನಲ್ಲಿ ಆಡಿದ್ದರಿಂದ ಆ ಮಾತು, ಹಾರ್ನು ತಿರುಗಿರದಿದ್ದ ಬಡಗಣ ಮೂಲೆಯೊಂದನ್ನು ಬಿಟ್ಟು, ಮಾಳದ ತುಂಬ ಹರಡಿಕೊಂಡಿತ್ತು. ಟೊಮೇಟೊ ಕೊಳ್ಳುವಾಗಲೂ ಕೇಳುತ್ತಿತ್ತು, ಚಪ್ಪಲಿ ಹೊಲಿಸುವಾಗಲೂ ಕೇಳುತ್ತಿತ್ತು. ಐದು ವರ್ಷ ಕಳೆದ ಮೇಲೆ ಆಗಿನ ಮಂತ್ರಿ ತಿಪ್ಪೇರುದ್ರಪ್ಪನವರು ಅದೇ ಮಾಳದಲ್ಲಿ ನಿಂತು, "ಜಗತ್ತೆಲ್ಲ ಕಂಪ್ಯೂಟರಿನ ಮೇಲೆ ಓಡುತ್ತಿರುವಾಗ ನಾವು ಹೊಳೆ ದಂಡೆಯಲ್ಲಿ ಬಟ್ಟೆ ಒಗೆಯುತ್ತ ಕೂರೋಣವೇ? ಯಾರು ಅಡ್ಡ ಬಂದರೂ ಡೇಟಾ ಸೆಂಟರ್ ತಂದೇ ತರುತ್ತೇನೆ" ಎಂದರು. ಅದೂ ಹಾಗೆಯೇ ಉಳಿಯಿತು.

ಆಮೇಲೆ ಸರ್ಕಾರ ಬದಲಾಯಿತು. ಪರಶಿವಯ್ಯನವರು ಮಂತ್ರಿಯಾದರು, ತಿಪ್ಪೇರುದ್ರಪ್ಪನವರು ಅವರ ಹಳೆಯ ಕುರ್ಚಿಗೆ ಹೋದರು. ಕುರ್ಚಿಯ ಜೊತೆಗೆ ಮಾತೂ ಅದಲುಬದಲಾಯಿತು. ಡೇಟಾ ಸೆಂಟರ್ ನಾಡಿನ ಭವಿಷ್ಯ ಎಂದು ಪರಶಿವಯ್ಯನವರು ವಿಧಾನಸಭೆಯಲ್ಲಿ ಹೇಳಿದರೆ, ಅದು ಜನರ ಗಂಟಲಿಗೆ ಕೈ ಹಾಕುವ ಕೆಲಸ ಎಂದು ತಿಪ್ಪೇರುದ್ರಪ್ಪನವರು ಧರಣಿ ಕೂತರು. ಪತ್ರಿಕೆ ಓದುವವರು ಮರೆತಿರಬಹುದು. ನಾವು ಮರೆಯುವಂತಿರಲಿಲ್ಲ. ವಾರಕ್ಕೊಮ್ಮೆ ಸೊಪ್ಪು ಕೊಳ್ಳಲು ಮಾಳಕ್ಕೆ ಹೋಗಲೇಬೇಕಿತ್ತು.

ಡೇಟಾ ಸೆಂಟರ್ ಅಂದರೇನೆಂದು ತಿಳಿಸಲು ಒಬ್ಬ ಅಧಿಕಾರಿ ಬಂದಿದ್ದ. ದೇಶದೇಶದ ಜನ ಆಡಿದ್ದು, ಬರೆದದ್ದು, ಫೋಟೊ ತೆಗೆದದ್ದು ಎಲ್ಲವನ್ನೂ ಕೂಡಿಡುವ ಯಂತ್ರಗಳು ಅಲ್ಲಿರುತ್ತವೆ, ಅವು ಕಾಯುತ್ತವೆ, ತಣ್ಣಗಿಡಲು ನೀರು ಬೇಕು ಎಂದ. ಬಳೆ ಅಂಗಡಿಯ ಜಬೀನಾ ಎದ್ದು ನಿಂತು, "ಮಾತು ಇಟ್ಕೊಳ್ಳಕ್ಕೆ ನೀರ್ಯಾಕೆ ಸಾರ್? ನಮ್ಮ ಮಾಳ ಎಷ್ಟು ಕಾಲದಿಂದ ಇಟ್ಕೊಂಡೈತೆ, ಒಂದು ದಿನ ನೀರು ಕೇಳಿಲ್ಲ" ಎಂದಳು. ಜನ ನಕ್ಕರು. ಅಧಿಕಾರಿಯೂ ನಕ್ಕ. ಜಬೀನಾ ನಗಲಿಲ್ಲ. ಅವಳ ಮನೆ ಊರಿನ ಎತ್ತರದಲ್ಲಿರುವ ಕೋಡಿ ಬೀದಿಯಲ್ಲಿ. ಮೂರು ದಿನಕ್ಕೊಮ್ಮೆ ಬಿಟ್ಟ ನೀರು ಅಲ್ಲಿಗೆ ಹತ್ತುವುದೇ ಕಷ್ಟ. ದಾಕ್ಷಾಯಿಣಿ ಉಳಿದ ಬೀದಿಗಳಿಗಿಂತ ಹತ್ತು ನಿಮಿಷ ಮೊದಲೇ ಕೋಡಿ ಬೀದಿಯ ವಾಲ್ವು ತಿರುಗಿಸುತ್ತಿದ್ದಳು. ಅದು ಅವರಿಬ್ಬರಿಗೆ ಮಾತ್ರ ಗೊತ್ತಿದ್ದ ವಿಷಯ.

ಕಾನೂನಿನ ಪ್ರಕಾರ ಜನರ ಅಹವಾಲು ಕೇಳುವ ಸಭೆ ನಡೆಯಬೇಕಿತ್ತು. ಅದು ಮಾಳದಲ್ಲೇ ನಡೆಯಲಿ ಎಂದು ಊರಿನವರು ಪಟ್ಟು ಹಿಡಿದರು. ಮಂತ್ರಿಗಳ ಮಾತೇ ಮಂತ್ರಿಗಳಿಗೆ ಉತ್ತರ ಕೊಡಲಿ ಎಂದು ಅವರ ಲೆಕ್ಕಾಚಾರ. ಸರ್ಕಾರ ಒಪ್ಪಿತು. ಅಷ್ಟು ಸುಲಭವಾಗಿ ಒಪ್ಪಿದ್ದು ಯಾಕೆಂದು ಅದೇ ವಾರ ಪಂಚಾಯಿತಿ ಸಭೆಗೆ ಬಂದ ಇನ್ನೊಂದು ಕಾಗದ ನೋಡಿದಾಗ ನನಗೆ ತಿಳಿಯಿತು. ಸಂತೆಮಾಳವನ್ನು ಮಾದರಿ ಮೈದಾನ ಮಾಡುವ ಯೋಜನೆ. ಎರಡು ಅಡಿ ಮಣ್ಣು ತೆಗೆದು, ಜಲ್ಲಿ ತುಂಬಿ, ಇಂಟರ್‌ಲಾಕ್ ಟೈಲ್ಸ್ ಹಾಸುವುದು. ಅಹವಾಲು ಸಭೆ ಮುಗಿದ ಮರುದಿನವೇ ಕೆಲಸ ಶುರು.

ಮಣ್ಣು ಹೋದರೆ ಮಾತೂ ಹೋಗುತ್ತದೆ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಹಿಂದೆ ಚರಂಡಿಗೆಂದು ದನದ ಸಂತೆಯ ಕಡೆ ಅಗೆದಾಗ ಅಲ್ಲಿದ್ದ ನೂರಾರು ವರ್ಷದ ಚೌಕಾಸಿಯೆಲ್ಲ ಒಂದೇ ದಿನದಲ್ಲಿ ಮಾಯವಾಗಿತ್ತು. ಆದರೂ ಸಭೆಯಲ್ಲಿ ಯಾರೂ ಸೊಲ್ಲೆತ್ತಲಿಲ್ಲ. ಪರಶಿವಯ್ಯನವರ ಕಡೆಯ ಎಂಟು ಸದಸ್ಯರು ಕೈ ಎತ್ತಿದರು. ತಿಪ್ಪೇರುದ್ರಪ್ಪನವರ ಕಡೆಯ ಏಳು ಸದಸ್ಯರೂ ಎತ್ತಿದರು. ಬೀದಿ ದೀಪದ ಬಲ್ಬಿನ ವಿಷಯಕ್ಕೂ ಕುರ್ಚಿ ಎತ್ತಿ ಹೊಡೆದಾಡುತ್ತಿದ್ದವರು ಅಂದು ಒಬ್ಬರ ಮುಖ ಒಬ್ಬರು ನೋಡದೆ ಕೈ ಎತ್ತಿದ್ದರು. 'ಸರ್ವಾನುಮತದಿಂದ ಅಂಗೀಕರಿಸಲಾಯಿತು' ಎಂದು ನಾನು ಬರೆದೆ.

ಮರುದಿನ ದಾಕ್ಷಾಯಿಣಿ ನನ್ನ ಮೇಜಿನ ಹತ್ತಿರ ಬಂದು ನಿಂತಳು. "ಎಲ್ಲ ಅಗೀತಾರಾ ಸಾರ್?" ಎಂದಳು.

"ಎಲ್ಲ ಅಂತಲೇ ಇದೆಯಮ್ಮ."

"ಬಡಗಣ ಮೂಲೇಲಿ ಒಂದು ಆರಡಿ ಬಿಡಿಸಿಕೊಡಿ. ಇನ್ನೇನೂ ಕೇಳಲ್ಲ."

ಎಂಜಿನಿಯರನ್ನು ಕೇಳಿದೆ. ನಕ್ಷೆ ಮಂಜೂರಾಗಿದೆ, ಒಂದು ಟೈಲ್ ಕಮ್ಮಿ ಮಾಡುವುದಕ್ಕೂ ಮೇಲಿನಿಂದ ಆದೇಶ ಬರಬೇಕು ಎಂದರು. ಅವಳ ಮುಖ ನೋಡಿ ಸುಮ್ಮನಿರಲಾಗಲಿಲ್ಲ. ಆ ಭಾನುವಾರ ಮಂತ್ರಿಗಳು ಪ್ರವಾಸಿ ಮಂದಿರಕ್ಕೆ ಬರುವವರಿದ್ದರು. ಅವರ ಆಪ್ತ ಸಹಾಯಕನಿಗೆ ವಿಷಯ ತಿಳಿಸಿ, ಅವಳನ್ನು ನಾನೇ ಕರೆದುಕೊಂಡು ಹೋದೆ. ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಪರಶಿವಯ್ಯನವರು ಜಗಲಿಯಲ್ಲಿ ಕೂತು ಸೀಬೆಹಣ್ಣು ತಿನ್ನುತ್ತಿದ್ದರು. ಒಂದು ಹೋಳನ್ನು ಅವಳ ಕೈಗೂ ಕೊಟ್ಟರು. "ಗುರುಸಿದ್ದನ ಮನೆಯವಳಲ್ವೇನಮ್ಮ? ಕೂತ್ಕೊ" ಎಂದರು. ಅವಳು ಕೂರಲಿಲ್ಲ. ಆರಡಿಯ ವಿಷಯ ಹೇಳಿದಳು. ಅವರು ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು.

"ನೋಡಮ್ಮ, ನಾನು ಅವತ್ತು ಆಡಿದ ಮಾತು ಸುಳ್ಳಲ್ಲ. ಮನಸ್ಸಿನಿಂದಲೇ ಆಡಿದ್ದೆ. ಆಗ ನನ್ನ ಕೈಯಲ್ಲಿ ಏನೂ ಇರಲಿಲ್ಲ, ಹಾಗಾಗಿ ಹೇಳೋದು ಸುಲಭವಾಗಿತ್ತು. ಈಗ ತಿಪ್ಪೇರುದ್ರಪ್ಪ ಹೇಳ್ತಾ ಇದಾನೆ. ಅವನಿಗೂ ಈಗ ಸುಲಭ." ಹಣ್ಣಿನ ಬೀಜ ಉಗುಳಿ ಮುಂದುವರಿಸಿದರು. "ಆ ಆರಡಿ ನಾನು ಬಿಡಿಸ್ತೀನಿ. ಇಂದೇ ಎಂಜಿನಿಯರಿಗೆ ಹೇಳ್ತೀನಿ. ನೀನು ನನಗೊಂದು ಮಾಡು. ಅಹವಾಲು ಸಭೇಲಿ ನೀರಿನ ವಿಷಯ ಕೇಳ್ತಾರೆ. ನೀರು ಸಾಲ್ತದೆ ಅಂತ ಒಂದು ಮಾತು ಹೇಳು. ನೀರುಗಂಟಿ ಹೇಳಿದ್ಮೇಲೆ ಯಾವ ಕೋರ್ಟೂ ಎದುರು ಕೇಳಲ್ಲ."

"ಸಾಲಲ್ಲ ಬುದ್ದಿ. ಈಗ್ಲೇ ಸಾಲಲ್ಲ. ನನ್ ಪುಸ್ತಕ ನೋಡಿ ಬೇಕಾದ್ರೆ" ಎಂದು ಅವಳು ಸೊಂಟಕ್ಕೆ ಕೈ ಹಾಕಿದಳು.

ಅವರು ಬೇಡ ಎಂಬಂತೆ ಕೈ ಆಡಿಸಿದರು. "ನೀನು ಹೇಳಿದ್ರೂ ಅದು ಬರ್ತದೆ, ಹೇಳದಿದ್ರೂ ಬರ್ತದೆ. ಹೇಳದಿದ್ರೆ ಒಂದಾರು ತಿಂಗಳು ತಡ, ಅಷ್ಟೇ. ಆದ್ರೆ ಆ ಮೂಲೆ ಇರಲ್ಲ. ಯೋಚನೆ ಮಾಡು. ಬಲವಂತ ಏನಿಲ್ಲ."

ವಾಪಸು ಬಂದು ಪಂಚಾಯಿತಿ ಬಾಗಿಲಲ್ಲಿ ನಿಂತು, "ನೀವಾಗಿದ್ರೆ ಏನ್ ಮಾಡ್ತಿದ್ರಿ ಸಾರ್?" ಎಂದಳು. ಅವರು ಹೇಳಿದ್ದರಲ್ಲಿ ಸುಳ್ಳೇನಿಲ್ಲ, ಹೇಗಿದ್ದರೂ ಬರುವುದು ಬಂದೇ ಬರುತ್ತದೆ ಎಂದೆ. ಇದನ್ನು ನಾನು ಹೇಳಿದ್ದು ಕಚೇರಿಯ ಬಾಗಿಲಲ್ಲಿ, ಮಾಳದಲ್ಲಲ್ಲ. ಅದರ ಗುರುತು ಈಗ ಎಲ್ಲೂ ಇಲ್ಲ. ಆದರೆ ಹೇಳಿದ್ದೇನೆ.

ಅಹವಾಲು ಸಭೆಗೆ ಉಳಿದಿದ್ದ ನಾಲ್ಕು ದಿನವನ್ನು ಅವಳು ಹೇಗೆ ಕಳೆದಳೆಂಬುದನ್ನು ಮುಂದೊಂದು ದಿನ ಅವಳೇ ನನಗೆ ಹೇಳಿದ್ದಳು. ಕೋಡಿ ಬೀದಿಗೆ ಹತ್ತು ನಿಮಿಷದ ಬದಲು ಅರ್ಧ ಗಂಟೆ ಮೊದಲೇ ನೀರು ಬಿಟ್ಟಳಂತೆ. ಜಬೀನಾ ಬಿಂದಿಗೆ ತುಂಬಿಕೊಳ್ಳುತ್ತ, "ಏನ್ ದಾಕ್ಷಕ್ಕಾ, ಇವತ್ತು ಹಬ್ಬನಾ?" ಎಂದು ಕೇಳಿದ್ದಕ್ಕೆ ಕೀಲಿ ಹೆಗಲಿಗೇರಿಸಿಕೊಂಡು ಹೊರಟುಬಿಟ್ಟಳಂತೆ. ತಾನೊಬ್ಬಳು ಸತ್ಯ ಹೇಳಿ ಒಂದು ಕಟ್ಟಡವನ್ನು ನಿಲ್ಲಿಸಲು ಆಗುತ್ತದೆಯೇ ಎಂದು ತನ್ನನ್ನೇ ಕೇಳಿಕೊಂಡಳು. ಆಗುವುದಿಲ್ಲ ಎಂದು ಪ್ರತಿ ಸಲವೂ ಅನಿಸಿತು. ಬಾಯಿ ಬಿಟ್ಟು ಒಂದು ಸಾಲು ಹೇಳಿದರೆ ಗಂಡನ ಒಂದು ಸಾಲು ಉಳಿಯುತ್ತದೆ. ಇಷ್ಟು ಸರಳವಾಗಿ ಕಂಡದ್ದಕ್ಕೇ ಅವಳಿಗೆ ಭಯವಾಗಿತ್ತು.

ಅಹವಾಲು ಸಭೆಗೆ ಊರಿಗೆ ಊರೇ ನೆರೆದಿತ್ತು. ಜಿಲ್ಲೆಯಿಂದ ಬಂದ ಅಧಿಕಾರಿ ಶಾಮಿಯಾನದ ಕೆಳಗೆ ಕೂತಿದ್ದರು. ಪಕ್ಕದಲ್ಲಿ ನಾನು ಬರೆಯುತ್ತಿದ್ದೆ. ಮಂತ್ರಿಗಳು ಬಂದಿರಲಿಲ್ಲ. ತಿಪ್ಪೇರುದ್ರಪ್ಪನವರು ಬಂದು ಕ್ಯಾಮೆರಾದ ಮುಂದೆ ಕಣ್ಣೀರು ಹಾಕಿ, ತಮ್ಮದೇ ಹಳೆಯ ದನಿ ಕೇಳುತ್ತಿದ್ದಂತೆ ಬೇಗ ಬೇಗ ಕಾರು ಹತ್ತಿದರು. ಜಬೀನಾ ಮೈಕು ಹಿಡಿದು, ತನ್ನ ಕಾಲಡಿಯಿಂದಲೇ ಕೇಳುತ್ತಿದ್ದ ಪರಶಿವಯ್ಯನವರ ಮಾತನ್ನು ತೋರಿಸಿ, "ಇದಕ್ಕೆ ಏನ್ ಹೇಳ್ತೀರಿ ಸಾರ್?" ಎಂದಳು. ಹಿಂದೆ ಆಡಿದ ಮಾತು ದಾಖಲೆಯಾಗುವುದಿಲ್ಲ, ಇವತ್ತು ಹೇಳಿದ್ದು ಮಾತ್ರ ದಾಖಲೆ ಎಂದು ಅಧಿಕಾರಿ ಹೇಳಿದರು. ಆಮೇಲೆ ಮೊದಲೇ ಗೊತ್ತಿದ್ದವರಂತೆ, "ಇಲ್ಲಿ ನೀರು ಬಿಡುವವರು ಯಾರು? ನಿಂತಲ್ಲಿಂದಲೇ ಹೇಳಲಿ" ಎಂದರು.

ದಾಕ್ಷಾಯಿಣಿ ಬಡಗಣ ಮೂಲೆಯಲ್ಲಿ ನಿಂತಿದ್ದಳು. ಧೈರ್ಯಕ್ಕೆಂದು ಅಲ್ಲಿಗೆ ಹೋಗಿದ್ದಳಂತೆ. ಒಬ್ಬ ಪೇದೆ ಜನರನ್ನು ಸರಿಸಿಕೊಂಡು ಹೋಗಿ ಮೈಕನ್ನು ಅವಳ ಬಾಯಿಯ ಹತ್ತಿರ ಹಿಡಿದ. ಅವಳು ಸೊಂಟದ ನೋಟುಬುಕ್ಕನ್ನು ಒಮ್ಮೆ ಮುಟ್ಟಿಕೊಂಡದ್ದು ನನಗೆ ಕಂಡಿತು. ಪುಸ್ತಕ ತೆಗೆಯುತ್ತಾಳೆ ಎಂದುಕೊಂಡೆ. ತೆಗೆಯಲಿ ಎಂದು ಒಂದು ಗಳಿಗೆ ಆಸೆಯೂ ಪಟ್ಟೆ.

"ನಮ್ಮೂರಿಗೆ ನೀರಿಗೇನೂ ಕೊರತೆ ಇಲ್ಲ. ಕಂಪನಿಗೆ ಕೊಟ್ರೂ ಮಿಕ್ಕತದೆ" ಎಂದಳು.

ಜಬೀನಾ ನಿಂತಲ್ಲೇ ನೆಲಕ್ಕೆ ಕೂತಳು. ನಾನು ಬರೆದುಕೊಂಡೆ.

ಮರುದಿನ ಜೆಸಿಬಿಗಳು ಬಂದವು. ಮೂರು ದಿನ ಲಾರಿಗಟ್ಟಲೆ ಮಣ್ಣು ಹೋಯಿತು. ಪುಟ್ಟಮಾದಯ್ಯನ ಶಾಪ ಹೋಯಿತು, ಮದುವೆಯ ಒಪ್ಪಿಗೆಗಳು ಹೋದವು, ಇಬ್ಬರು ಮಂತ್ರಿಗಳ ಆಣೆ ಪ್ರಮಾಣಗಳೂ ಹೋದವು. ಪರಶಿವಯ್ಯನವರು ಮಾತಿಗೆ ತಪ್ಪಲಿಲ್ಲ. ಬಡಗಣ ಮೂಲೆಯ ಆರಡಿಯನ್ನು ಮುಟ್ಟದೆ ಬಿಟ್ಟರು. ಸುತ್ತ ಸ್ಟೀಲಿನ ಕಂಬಿ ಹಾಕಿಸಿ, 'ಜನಾಭಿಪ್ರಾಯ ಕಟ್ಟೆ' ಎಂದು ಬೋರ್ಡು ಬರೆಸಿದರು.

ಕೆಲಸ ಮುಗಿದ ದಿನ ಅವಳು ಅಲ್ಲಿಗೆ ಹೋದಳು. ಗಂಡನ ದನಿ ಇತ್ತು. "ದಾಕ್ಷೀ, ಈ ಕಡೆ ಬಾ, ನೆರಳೈತೆ" ಎಂದಿತು. ಅದರ ಬೆನ್ನಿಗೇ, ಅವನಿಗೆ ಉತ್ತರ ಕೊಡುವಂತೆ, ಅವಳದೇ ದನಿ ಶುರುವಾಯಿತು. ನಮ್ಮೂರಿಗೆ ನೀರಿಗೇನೂ ಕೊರತೆ ಇಲ್ಲ. ಒಂದನ್ನು ಬಿಟ್ಟು ಇನ್ನೊಂದನ್ನು ಕೇಳುವಂತಿರಲಿಲ್ಲ. ಅವಳು ಕಿವಿ ಮುಚ್ಚಿಕೊಂಡು ನೋಡಿದಳು, ಅರ್ಧ ಹೆಜ್ಜೆ ಆಚೆ ಈಚೆ ಸರಿದು ನೋಡಿದಳು. ಎಷ್ಟಾದರೂ ಅದು ಆರಡಿಯ ಜಾಗ.

ಒಂದೂವರೆ ವರ್ಷದಲ್ಲಿ ಆಚೆ ದಡದಲ್ಲಿ ಕಿಟಕಿಯೇ ಇಲ್ಲದ ಉದ್ದನೆಯ ಕಟ್ಟಡ ಎದ್ದಿತು. ಅದರಲ್ಲಿ ನಮ್ಮೂರಿನ ಹನ್ನೆರಡು ಜನಕ್ಕೆ ಕಾವಲು ಕೆಲಸ ಸಿಕ್ಕಿತು. ಮೂರು ದಿನಕ್ಕೊಮ್ಮೆ ಬರುತ್ತಿದ್ದ ನೀರು ಐದಕ್ಕೆ ಹೋಗಿ, ಏಳಕ್ಕೆ ಹೋಗಿ, ಬೇಸಿಗೆಗೆ ಒಂಬತ್ತು ದಿನಕ್ಕೆ ನಿಂತಿತು. ಜನ ಅವಳನ್ನು ಬೈಯಲಿಲ್ಲ. ಅದರ ಬದಲು ನೆಂಟರು ಬಂದರೆ ಕಂಬಿಯ ಹತ್ತಿರ ಕರೆದುಕೊಂಡು ಹೋಗಿ ನಿಲ್ಲಿಸುತ್ತಿದ್ದರು. ಹೊಸ ಕಂಪನಿಗಳವರು ಜಾಗ ನೋಡಲು ಬಂದಾಗ ಪರಶಿವಯ್ಯನವರೂ ಅವರನ್ನು ಅಲ್ಲಿಗೇ ಕರೆತರುತ್ತಿದ್ದರು. ಇಂಗ್ಲಿಷ್ ಬಲ್ಲವನೊಬ್ಬ ಅರ್ಥ ಹೇಳುತ್ತಿದ್ದ. ಅವರು ತಲೆದೂಗಿ, ಕಂಬಿ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಮೊದಲ ದನಿ ಯಾರದೆಂದು ಒಬ್ಬರು ಕೇಳಿದ್ದಕ್ಕೆ, "ಅದು ಏನೂ ಅಲ್ಲ, ಹಳೇದು" ಎಂದು ಎಂಜಿನಿಯರ್ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ದಾಕ್ಷಾಯಿಣಿ ಮಾಳದ ದಾರಿ ಬಿಟ್ಟು ಹಿಂಬದಿಯಿಂದ ಓಡಾಡತೊಡಗಿದಳು. ಕೋಡಿ ಬೀದಿಯ ವಾಲ್ವನ್ನು ಈಗಲೂ ಮೊದಲೇ ತಿರುಗಿಸುತ್ತಿದ್ದಳು, ಆದರೆ ಕೊಳಾಯಿಯಲ್ಲಿ ಗಾಳಿಯಷ್ಟೇ ಬರುತ್ತಿತ್ತು. ಒಂದು ಬೆಳಿಗ್ಗೆ ಹೀಗೆ ಗಾಳಿ ಬರುತ್ತಿದ್ದಾಗ ಜಬೀನಾ ಖಾಲಿ ಬಿಂದಿಗೆಯನ್ನು ಸೊಂಟದಿಂದ ಇಳಿಸಿ ಹತ್ತಿರ ಬಂದಳು. ಎರಡು ವರ್ಷದಲ್ಲಿ ಅವಳು ದಾಕ್ಷಾಯಿಣಿಯೊಡನೆ ಆಡಿದ ಮೊದಲ ಮಾತು ಅದು.

"ದಾಕ್ಷಕ್ಕಾ, ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ನಮ್ಮನೆಯವರ ಮಾತು ಅಲ್ಲಿದ್ದಿದ್ರೆ ನಾನೂ ಹೇಳ್ತಿದ್ನೋ ಏನೋ. ಒಂದು ಕೇಳ್ತೀನಿ. ನಿಮ್ಮನೆಯವರು ಬದುಕಿದ್ದಿದ್ರೆ ಆ ಮಾತು ಹೇಳ್ತಿದ್ರಾ?"

ಅದು ಸಂತೆಯ ದಿನ. ಹನ್ನೊಂದು ಗಂಟೆಯ ಹೊತ್ತಿಗೆ, ಜನ ತುಂಬಿದ್ದಾಗ, ದಾಕ್ಷಾಯಿಣಿ ಹಾರೆ ಗುದ್ದಲಿ ತಂದು ಕಂಬಿ ದಾಟಿ ಒಳಗೆ ಇಳಿದಳು. ಹಾರೆ ಎತ್ತುವ ಮೊದಲು ಆ ಎರಡು ದನಿಗಳನ್ನೂ ಒಂದು ಸಲ ಪೂರ್ತಿ ಕೇಳಿಸಿಕೊಂಡಳು. ನಾನು ಪಂಚಾಯಿತಿ ಜಗಲಿಯಿಂದ ನೋಡುತ್ತಿದ್ದೆ. ಆಮೇಲೆ ಅಗೆಯತೊಡಗಿದಳು. ವಾಲ್ವಿನ ಗುಂಡಿ ತೋಡಿ ಪಳಗಿದ ಕೈ, ಒಂದು ಪೆಟ್ಟೂ ವ್ಯರ್ಥವಾಗಲಿಲ್ಲ. ಜನ ಸುತ್ತ ನಿಂತರು. ಯಾರೂ ತಡೆಯಲಿಲ್ಲ, ಯಾರೂ ಕೈ ಹಾಕಲಿಲ್ಲ. ಮೊಣಕಾಲಿನಷ್ಟು ಆಳವಾದಾಗ ಅವಳು ನಿಲ್ಲಿಸಿ, ತಲೆ ಓರೆ ಮಾಡಿ ಕೇಳಿಸಿಕೊಂಡಳು. ಮತ್ತೆ ನಾಲ್ಕು ಪೆಟ್ಟು ಹಾಕಿದಳು. ಮತ್ತೆ ಕೇಳಿಸಿಕೊಂಡಳು. ಅಲ್ಲಿಗೆ ಮುಗಿದಿತ್ತು. ಹಾರೆ ಊರಿಕೊಂಡು ಮೇಲೆ ಬಂದು ಸೆರಗಿನಿಂದ ಕತ್ತು ಒರೆಸಿಕೊಂಡಳು. ಅವಳ ಕಣ್ಣಲ್ಲಿ ನೀರಿರಲಿಲ್ಲ ಎಂದು ನೋಡಿದವರು ಹೇಳಿದರು.

ಸಾರ್ವಜನಿಕ ಆಸ್ತಿ ಹಾಳು ಮಾಡಿದ್ದಕ್ಕೆ ಅವಳನ್ನು ಅಮಾನತು ಮಾಡಿದರು. ವಿಚಾರಣೆ ನಮ್ಮ ಮುಖ್ಯಾಧಿಕಾರಿಗಳ ಕೋಣೆಯಲ್ಲಿ ನಡೆಯಿತು. ಅವರು ಕೇಳುವುದು, ಅವಳು ಹೇಳುವುದು, ನಾನು ಬರೆಯುವುದು.

"ಜನಾಭಿಪ್ರಾಯ ಕಟ್ಟೆಯನ್ನು ಯಾಕೆ ಅಗೆದೆ?" ಎಂದು ಅವರು ಕೇಳಿದರು.

ಅವಳು ಸೊಂಟದಿಂದ ನೋಟುಬುಕ್ಕು ತೆಗೆದಳು. ಕನ್ನಡಕ ಇರಲಿಲ್ಲವಾದ್ದರಿಂದ ದೂರ ಹಿಡಿದು ಓದತೊಡಗಿದಳು. "ಕೋಡಿ ಬೀದಿ, ಒಂಬತ್ತು ದಿನಕ್ಕೆ ಒಂದ್ಸಲ, ಹದಿನೆಂಟು ನಿಮಿಷ. ಅದರಲ್ಲಿ ಹನ್ನೊಂದು ನಿಮಿಷ ಬರೀ ಗಾಳಿ. ಗಾಣಿಗರ ಬೀದಿ, ಒಂಬತ್ತು ದಿನಕ್ಕೆ, ಇಪ್ಪತ್ತೆರಡು ನಿಮಿಷ. ಆಸ್ಪತ್ರೆ ಲೈನು, ದಿನಕ್ಕೆ ನಲವತ್ತು ಇದ್ದದ್ದು ಈಗ ಹದಿನೈದು. ಶಾಲೆ, ಏಪ್ರಿಲ್ ಮೂರರಿಂದ ಇಲ್ಲ. ಅಹವಾಲು ಸಭೆ ನಡೆದ ದಿನ, ಕೋಡಿ ಬೀದಿ ಅರ್ಧ ಗಂಟೆ, ಗಾಣಿಗರ ಬೀದಿಗೆ ಅವತ್ತೂ ಸಾಲಲಿಲ್ಲ. ನಾನು ಅವತ್ತು ಹೇಳಿದ್ದು ಸುಳ್ಳು." ಪುಟ ತಿರುವಿದಳು. ಮತ್ತೆ ಓದಿದಳು. ಬೀದಿಬೀದಿಯಾಗಿ, ತಾರೀಕು ಸಮೇತ, ಮುಕ್ಕಾಲು ಗಂಟೆ ಓದಿದಳು. ಮುಖ್ಯಾಧಿಕಾರಿಗಳು ನಡುನಡುವೆ ಫೋನು ನೋಡಿಕೊಂಡರು. ನಾನು ಪೆನ್ನು ಹಿಡಿದು ಕೂತಿದ್ದೆ.

ಅವಳು ಮುಗಿಸಿದ ಮೇಲೆ ಅವರು ನನ್ನ ಕಡೆ ತಿರುಗಿ, "ಕೇಳಿದ್ದಕ್ಕೆ ಸಂಬಂಧಪಟ್ಟಿದ್ದು ಇದ್ದರೆ ಬರೆಯಿರಿ" ಎಂದರು.

ನನಗೆ ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು. 'ಸದರಿ ನೌಕರರು ಪ್ರಶ್ನೆಗೆ ಸಂಬಂಧಿಸಿದ ಉತ್ತರ ನೀಡಿರುವುದಿಲ್ಲ' ಎಂದು ಬರೆದು, ಹಾಳೆಯನ್ನು ಅವಳ ಮುಂದೆ ಸರಿಸಿ, ಸಹಿ ಮಾಡುವ ಜಾಗ ತೋರಿಸಿದೆ. ಅವಳು ಅದನ್ನೂ ದೂರ ಹಿಡಿದು ನಿಧಾನವಾಗಿ ಓದಿದಳು. ಓದಿ ಮುಗಿದ ಮೇಲೆ ನನ್ನ ಮುಖ ನೋಡಿದಳು. ಸಹಿ ಹಾಕಿದಳು. ನಾನು ಕೈ ಚಾಚಿದ್ದೆ. ಪೆನ್ನನ್ನು ಕೈಗೆ ಕೊಡದೆ ಮೇಜಿನ ಮೇಲಿಟ್ಟು ಎದ್ದು ಹೋದಳು.